ಅಕ್ಕನದು ಹೈಪೊ, ತಂಗಿಯದು ಹೈಪರ್

ನರ್ಸಿಂಗ್ ಓದಲು ಕೊಪ್ಪಳಕ್ಕೆ ಹೋದ ಮೊದಲ ವರ್ಷ ನನಗೆ ರಕ್ತ, ಕೀವುಗಳ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಪದಗಳದ್ದು. ಪಿಯುಸಿವರೆಗೆ ಕುಷ್ಟಗಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳ ಮುಂದೆ ಅರ್ಧ ಸಾಲಿನಷ್ಟು ಉದ್ದದ ಇಂಗ್ಲಿಷ್ ಪದ ತಂದಿಟ್ಟರೆ ಅದನ್ನು ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುತ್ತಿರಲಿಲ್ಲ. ಬಾಯಿಪಾಠ ಮಾಡಿಬಿಡು ಎಂದು ಹಾಸ್ಟೆಲಿನ ಹಿರಿಯ ಹುಡುಗಿಯರು ಹೇಳುತ್ತಿದ್ದರು. ಬಾಯಿಪಾಠ ಅಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಅರ್ಥವಾಗದ್ದನ್ನು ಬಾಯಲ್ಲಿ ಇಟ್ಟುಕೊಂಡು ಎಷ್ಟು ದಿನ ಓಡಾಡುವುದು?

ಆ ಸಿಟ್ಟನ್ನು ಇಳಿಸಿದವರು ನಮಗೆ ಪಾಠ ಹೇಳುತ್ತಿದ್ದ ಮೇಡಮ್. ಗಂಗಾವತಿ ಕಡೆಯವರು, ದನಿ ಎತ್ತರಿಸದೆ ಬೈಯುವ ಕಲೆ ಗೊತ್ತಿದ್ದವರು. ಒಂದು ದಿನ ಬೋರ್ಡಿನ ಮೇಲೆ ಒಂದು ಉದ್ದದ ಪದ ಬರೆದು, ಅದರ ಮುಂದಿನ ತುಂಡೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಡಸ್ಟರಿನಿಂದ ಮುಚ್ಚಿ ಹಿಡಿದರು.

“ಮೊದಲ ಇದರ ತಲಿ ನೋಡ್ರಿ. ರೋಗ ಯಾವ ದಿಕ್ಕಿಗೆ ಹೊಂಟೈತಿ ಅನ್ನೋದು ತಲ್ಯಾಗ ಇರತೈತಿ. ಮೈ ಆಮ್ಯಾಲೆ ನೋಡೂಣು.”

ಅಂದಿನಿಂದ ನಾವು ತಲೆಗಳನ್ನು ಕಲಿಯತೊಡಗಿದೆವು. ಹೈಪರ್ ಬಂದರೆ ಹೆಚ್ಚು, ಹೈಪೊ ಬಂದರೆ ಕಡಿಮೆ. ಟ್ಯಾಕಿ ಅಂದರೆ ಬೇಗ, ಬ್ರ್ಯಾಡಿ ಅಂದರೆ ನಿಧಾನ. ಪೆರಿ ಸುತ್ತಮುತ್ತ, ಎಂಡೊ ಒಳಗೆ. ಡಿಸ್ ಬಂದರೆ ಕೆಲಸ ನಡೆಯುತ್ತಿದೆ, ಆದರೆ ತ್ರಾಸಿನಿಂದ ನಡೆಯುತ್ತಿದೆ. ಡಿಸ್‌ಪ್ನಿಯಾ ಅಂದರೆ ಉಸಿರಾಡುವ ತ್ರಾಸು, ಡಿಸ್‌ಫೇಜಿಯಾ ಅಂದರೆ ನುಂಗುವ ತ್ರಾಸು. ಪಾಲಿ ಅಂದರೆ ಬಹಳ. ಆ್ಯನ್ ಅಂದರೆ ಇಲ್ಲವೇ ಇಲ್ಲ. ಮೂತ್ರ ಬಹಳ ಹೋದರೆ ಪಾಲಿಯೂರಿಯಾ, ಹೋಗದೇ ಇದ್ದರೆ ಆ್ಯನ್ಯೂರಿಯಾ. ಇಷ್ಟು ತಿಳಿದ ಮೇಲೆ ಪುಸ್ತಕದ ಪದಗಳು ತಾವಾಗಿಯೇ ಬಿಚ್ಚಿಕೊಳ್ಳತೊಡಗಿದವು. ನನಗೆ ಬಹಳ ಸಮಾಧಾನವಾಯಿತು. ಯಾರೋ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ನಾವು ಹುಡುಗಿಯರು ಅದನ್ನು ಅಲ್ಲಿಗೇ ಬಿಡಲಿಲ್ಲ. ಕೊಪ್ಪಳದಿಂದ ಗಂಗಾವತಿಗೆ ಎಲ್ಲೂ ನಿಲ್ಲದೆ ಹೋಗುವ ಬಸ್ಸಿಗೆ ಟ್ಯಾಕಿ ಎಂದು ಹೆಸರಿಟ್ಟೆವು. ಕುಕನೂರಿನ ಮೇಲೆ ಯಲಬುರ್ಗಾಕ್ಕೆ ಹೋಗುವ, ಕೈ ಮಾಡಿದವರಿಗೆಲ್ಲ ನಿಲ್ಲುವ ಬಸ್ಸು ಬ್ರ್ಯಾಡಿ. ನನ್ನ ರೂಮಿನಲ್ಲಿದ್ದವಳು ಸಿದ್ದಾಪುರದವಳು, ಕಾಲುವೆ ಸೀಮೆಯ ಹುಡುಗಿ, ಬರೀ ಅನ್ನ ಉಂಡು ಬೆಳೆದವಳು. ಹಾಸ್ಟೆಲಿನ ಸಾರನ್ನು ಸೌಟಿನಿಂದ ಕಲಕಿ, “ಇದು ಹೈಪೊ ಬ್ಯಾಳಿ ಅಲ್ಲ, ಆ್ಯನ್ ಬ್ಯಾಳಿ,” ಎನ್ನುತ್ತಿದ್ದಳು. ಅಡುಗೆಯವಳು ಅದು ಹೊಗಳಿಕೆಯೋ ಬೈಗಳವೋ ತಿಳಿಯದೆ ಇನ್ನೊಂದು ಸೌಟು ಹಾಕುತ್ತಿದ್ದಳು.

ತೊಂದರೆ ಶುರುವಾದದ್ದು ರವಿವಾರ ಊರಿಗೆ ಹೋದಾಗ. ಕುಷ್ಟಗಿಯಲ್ಲಿ ನಮ್ಮ ಓಣಿಯವರು ಯಾರೂ ರೋಗದ ತಲೆ ಹೇಳುವುದಿಲ್ಲ, ಬರೀ ಮೈ ಹೇಳುತ್ತಾರೆ. “ನನಗ ಬಿಪಿ ಐತಿ.” “ನಮ್ಮ ಅತ್ತಿಗೆ ಶುಗರ್ ಐತಿ.” ಬಿಪಿ ಎಲ್ಲರಿಗೂ ಇರುತ್ತದೆ, ಅದು ಇಲ್ಲವಾದ ದಿನ ಹೊತ್ತುಕೊಂಡು ಹೋಗುತ್ತಾರೆ ಎಂದು ನಾನು ತಿದ್ದಲು ಹೋಗಿ ಓಣಿಯಲ್ಲಿ ಅಧಿಕಪ್ರಸಂಗಿ ಎನಿಸಿಕೊಂಡೆ. ಇನ್ನೂ ಇಂಜೆಕ್ಷನ್ ಮಾಡಲು ಬಾರದವಳು ಮಾತು ಮಾತ್ರ ಡಾಕ್ಟರಂತೆ ಆಡುತ್ತಾಳೆ ಎಂದು ಎದುರುಮನೆಯಾಕೆ ಅವ್ವನ ಮುಂದೆ ಅಂದಳಂತೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅವ್ವನೂ ಅವರ ಪೈಕಿಯೇ. ಅವಳಿಗೆ ಕೆಲವು ವರ್ಷಗಳಿಂದ ಥೈರಾಯ್ಡ್ ಸಮಸ್ಯೆ.

“ನನಗ ಥೈರಾಯ್ಡ್ ಐತಿ.”

“ಅದು ಎಲ್ಲಾರಿಗೂ ಇರತೈತಿ ಬೇ. ಗಂಟಲಾಗ ಒಂದು ಗ್ರಂಥಿ ಅದು.”

“ಇರಬೌದು. ನನಗ ಭಾಳ ಐತಿ.”

ನಿಜ ಬೇರೆ ಇತ್ತು. ಅವಳದು ಹೈಪೊ. ಆ ಗ್ರಂಥಿಯಿಂದ ಬರಬೇಕಾದ ರಸ ಅವಳಿಗೆ ಕಡಿಮೆ ಬರುತ್ತಿತ್ತು. ಅದನ್ನು ತುಂಬಿಕೊಡಲು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಬಿಳಿ ಗುಳಿಗೆ. ಅದು ಸ್ಟ್ರಿಪ್ಪಿನಲ್ಲಲ್ಲ, ಡಬ್ಬಿಯಲ್ಲಿ ಬರುತ್ತದೆ. ಆ ಡಬ್ಬಿಯನ್ನು ಅವ್ವ ಅಡುಗೆಮನೆಯಲ್ಲಿ ಅರಿಶಿನದ ಡಬ್ಬಿಯ ಪಕ್ಕ ಇಟ್ಟಿದ್ದಳು. ಆ ವರ್ಷ ಅವಳ ಮುಖ ಊದಿಕೊಂಡಿತ್ತು. ಕುಷ್ಟಗಿಯ ಬಿಸಿಲಲ್ಲೂ ಚಳಿ ಎಂದು ಹೊದ್ದು ಕೂಡುತ್ತಿದ್ದಳು, ರೊಟ್ಟಿ ಬಡಿಯುತ್ತ ಬಡಿಯುತ್ತ ತೂಕಡಿಸುತ್ತಿದ್ದಳು. ಗುಳಿಗೆ ತಪ್ಪದೆ ನುಂಗುತ್ತೀಯಾ ಎಂದರೆ, “ಡಬ್ಬಿ ನೋಡು, ಖಾಲಿ ಆಗಾಕ ಬಂದೈತಿ,” ಎನ್ನುತ್ತಿದ್ದಳು. ಡಬ್ಬಿ ಖಾಲಿಯಾಗುತ್ತಿದ್ದದ್ದು ನಿಜ. ಡಾಕ್ಟರು ಗುಳಿಗೆಯ ಪ್ರಮಾಣ ಏರಿಸಿದರು.

ಈ ಊತ, ಚಳಿ ಶುರುವಾಗುವ ಮೊದಲೇ ಒಂದು ರವಿವಾರ ಅವ್ವ ಹೇಳಿದ್ದಳು: “ಯಲಬುರ್ಗಾದ ನಿಮ್ಮ ಚಿಗವ್ವಗೂ ಥೈರಾಯ್ಡ್ ಐತಂತ. ನನ್ನಂಗ.”

ಹೇಳುವಾಗ ಅವಳ ದನಿಯಲ್ಲಿ ಚಿಂತೆಯ ಜೊತೆ ಒಂದಿಷ್ಟು ಸಂತೋಷವೂ ಇದ್ದಂತೆ ನನಗೆ ಕೇಳಿಸಿತು. ಅದಕ್ಕೆ ಕಾರಣವಿತ್ತು. ಅವ್ವನಿಗೆ ಚಿಗವ್ವ ಒಬ್ಬಳೇ ತಂಗಿ. ತಾಯಿ ಬೇಗ ತೀರಿಕೊಂಡದ್ದರಿಂದ ಅವಳನ್ನು ಎತ್ತಿ ಆಡಿಸಿದವಳು, ಮದುವೆಯಲ್ಲಿ ಮುಂದೆ ನಿಂತವಳು ಅವ್ವನೇ. ಚಿಗವ್ವನಿಗೆ ನಮ್ಮ ಮನೆಯೇ ತವರು. ಅವ್ವನಿಗೆ ಒಂದು ಹಟ ಇತ್ತು. ತಂಗಿಗೆ ಕೊಡುವುದನ್ನು ಅಂಗಡಿಯಿಂದ ಬೇರೆಯಾಗಿ ತಂದು ಕೊಡುತ್ತಿರಲಿಲ್ಲ. ತನಗೆಂದು ಇದ್ದದ್ದರಲ್ಲಿ ಅರ್ಧ ಕೊಡಬೇಕು. ಸೀರೆ ಬಂದರೆ ತಾನು ಒಮ್ಮೆ ಉಟ್ಟು ಅವಳಿಗೆ, ಉಪ್ಪಿನಕಾಯಿ ಹಾಕಿದರೆ ತನ್ನ ಭರಣಿಯಿಂದಲೇ ತೆಗೆದು. ಕೊಡುವುದೆಂದರೆ ತನ್ನದು ಕಡಿಮೆಯಾಗಬೇಕು, ಇಲ್ಲದಿದ್ದರೆ ಅದು ಕೊಟ್ಟಂತೆ ಅಲ್ಲ ಎಂಬುದು ಅವಳ ಲೆಕ್ಕ.

ಚಿಗವ್ವ ಯಲಬುರ್ಗಾದಲ್ಲಿ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ಅವಳ ಗಂಡನ, ಅಂದರೆ ಕಾಕಾನ ದುಡಿಮೆ ನೆಚ್ಚುವಂಥದ್ದಲ್ಲ, ಮನೆ ನಡೆಯುತ್ತಿದ್ದದ್ದು ಆ ಮೆಷಿನಿನ ಮೇಲೆ. ಮೆಷಿನ್ ಯಾರಾದರೂ ತುಳಿಯಬಹುದು; ಚಿಗವ್ವನ ಹೆಸರು ಇದ್ದದ್ದು ಕೈಹೊಲಿಗೆಗೆ. ಅವಳು ಹಚ್ಚಿದ ಹುಕ್ಕು ಕುಪ್ಪಸ ಹರಿದರೂ ಕಿತ್ತುಬರುವುದಿಲ್ಲ ಎನ್ನುತ್ತಿದ್ದರು. ಕುಕನೂರಿನಿಂದ ಕೂಡ ಮದುವೆ ಕುಪ್ಪಸ ಬರುತ್ತಿದ್ದವು.

ಕೆಲವು ತಿಂಗಳ ಮೇಲೆ ನಾನು ಕೊಪ್ಪಳದಿಂದ ಬ್ರ್ಯಾಡಿ ಬಸ್ಸು ಹಿಡಿದು ಅವಳನ್ನು ನೋಡಲು ಹೋದಾಗ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಬಲಕ್ಕೆ ಹೋಗುತ್ತಿತ್ತು, ಎಡಕ್ಕೆ ಹೋಗುತ್ತಿತ್ತು, ಕಣ್ಣಿಗೆ ಮಾತ್ರ ಹೋಗುತ್ತಿರಲಿಲ್ಲ. ಕೊನೆಗೆ ಎರಡನ್ನೂ ನನ್ನ ಕೈಗೆ ಕೊಟ್ಟಳು.

“ನೀನ ಪೋಣಿಸು. ನನ್ನ ಕೈ ನಿಲ್ಲವಲ್ದು. ಮೊನ್ನಿ ಒಬ್ಬಾಕಿ ಬಂದು ಹೊಲಿಯಾಕ ಕೊಟ್ಟ ಕಣ ವಾಪಸ್ ಒಯ್ದಳು. ಮೊದಲ ಹೊಲಿದ ಕುಪ್ಪಸದ ಹುಕ್ಕು ಸೊಟ್ಟ ಅದಾವಂತ. ನನ್ನ ಹುಕ್ಕು ಸೊಟ್ಟ ಅಂತ ಇಷ್ಟು ದಿನಾ ಯಾರ್ ಅಂದಿದ್ರು? ಕೈ ಹೋದ್ರ ಈ ಮನ್ಯಾಗ ಏನ್ ಉಳೀತೈತಿ ಹೇಳು.”

ಅವಳು ಸವೆದಿದ್ದಳು. ನನ್ನ ಮುಂದೆಯೇ ಮೂರು ರೊಟ್ಟಿ ತಿಂದಳು, ಆದರೂ ಬಳೆ ಮೊಣಕೈವರೆಗೆ ಸರಿಯುತ್ತಿತ್ತು. ಫ್ಯಾನಿನ ಕೆಳಗೆ ಕೂತು ಬೆವರುತ್ತಿದ್ದಳು. ನಾನು ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಸುಮ್ಮನೆ ಕೂತವಳ ನಾಡಿ ಓಡಿ ಬಂದವಳ ಹಾಗೆ ಹೊಡೆದುಕೊಳ್ಳುತ್ತಿತ್ತು. ಇದು ಟ್ಯಾಕಿ, ಎಂದು ಮನಸ್ಸು ತಾನಾಗಿಯೇ ಹೇಳಿತು. ಬೆವರು ಹೆಚ್ಚು, ಹಸಿವು ಹೆಚ್ಚು, ನಡುಕ. ಅವ್ವ ಚಳಿಗೆ ಹೊದ್ದು ಕೂತರೆ ಇವಳು ಸೆಕೆಗೆ ಒದ್ದಾಡುತ್ತಿದ್ದಳು. ಅವ್ವ ಊದುತ್ತಿದ್ದಳು, ಇವಳು ಒಣಗುತ್ತಿದ್ದಳು. ಇಬ್ಬರಿಗೂ ಇರುವುದು ಒಂದೇ ಅಂತ ಹೇಳಿದವರು ಯಾರು? ಯಲಬುರ್ಗಾದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ತೊಂದರೆ ಇದೆ, ಕೊಪ್ಪಳಕ್ಕೆ ಹೋಗಿ ತೋರಿಸು ಎಂದಿದ್ದರಂತೆ. ಚಿಗವ್ವ ಮೊದಲರ್ಧ ಕೇಳಿಸಿಕೊಂಡಿದ್ದಳು. ಕೊಪ್ಪಳದ ಮಾತನ್ನು ಹೊಲಿಗೆಯ ಗದ್ದಲದಲ್ಲಿ ಮುಂದೆ ಹಾಕಿದ್ದಳು.

ಮರುದಿನವೇ ಅವಳನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವಳಿಗೆ ಎರಡೂ ಕೈ ಮುಂದೆ ಚಾಚಲು ಹೇಳಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ನಡುಗಿತು. ಚಿಗವ್ವ ನಾಚಿಕೊಂಡು ಕೈ ಹಿಂದೆಗೆದಳು. ರಕ್ತದ ಫಲಿತಾಂಶ ಬಂದ ಮೇಲೆ ಡಾಕ್ಟರು ನಾನು ಅಂದುಕೊಂಡಿದ್ದನ್ನೇ ಹೇಳಿದರು: ಹೈಪರ್.

“ಈಗ ಬ್ಯಾರೆ ಯಾವುದಾದ್ರೂ ಗುಳಿಗಿ ತಗೊಳ್ಳಾಕತ್ತೀರೇನ್ರಿ?”

“ಇಲ್ರಿ ಸಾಹೇಬ್ರ,” ಎಂದಳು ಚಿಗವ್ವ. ನಾನೂ ತಲೆ ಅಲ್ಲಾಡಿಸಿದೆ.

ರಸ ಇಳಿಸುವ ಗುಳಿಗೆ, ಎದೆಬಡಿತ ತಗ್ಗಿಸುವ ಗುಳಿಗೆ ಬರೆದುಕೊಟ್ಟರು. ಕೆಲವು ವಾರದಲ್ಲಿ ಕೈ ನಿಲ್ಲುತ್ತದೆ ಎಂದರು. ಬಸ್ಸಿನಲ್ಲಿ ಅವಳನ್ನು ಕೂರಿಸಿ ನಾನು ಹಾಸ್ಟೆಲಿಗೆ ನಡೆದೆ. ಆ ದಿನ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವುದೇಕೆ. ಕಲಿತ ತಲೆಗಳು ಕೆಲಸಕ್ಕೆ ಬಂದಿದ್ದವು.

ವಾರಗಳು ಕಳೆದವು, ಕೈ ನಿಲ್ಲಲಿಲ್ಲ. ಎರಡನೆಯ ಸಲ ರಕ್ತ ಪರೀಕ್ಷೆ ಮಾಡಿದಾಗಲೂ ಇಳಿಯಬೇಕಾದದ್ದು ಇಳಿದಿರಲಿಲ್ಲ. ಡಾಕ್ಟರು ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು. ಗುಳಿಗೆ ಬರೋಬ್ಬರಿ ನುಂಗುತ್ತಿದ್ದಾಳೋ ಇಲ್ಲವೋ ಮನೆಯಲ್ಲಿ ಯಾರಾದರೂ ನೋಡಿರಿ ಎಂದರು. ಅಷ್ಟರಲ್ಲಿ ಕುಕನೂರಿನ ಮದುವೆಯ ಬಟ್ಟೆ ಇನ್ನೊಬ್ಬಳ ಕಡೆಗೆ ಹೋಗಿತ್ತು. ಚಿಗವ್ವ ಮೆಷಿನಿನ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದಳು.

ನೋಡೋಣವೆಂದೇ ನಾನು ರಜೆ ಹಾಕಿ ಯಲಬುರ್ಗಾಕ್ಕೆ ಹೋಗಿ ಉಳಿದೆ. ಬೆಳಿಗ್ಗೆ ಚಿಗವ್ವ ಮುಖ ತೊಳೆದು, ಕುಂಕುಮ ಹಚ್ಚಿಕೊಂಡು, ದೇವರ ಜಗಲಿಯ ಮೇಲಿದ್ದ ಒಂದು ಸಣ್ಣ ಸ್ಟೀಲಿನ ಡಬ್ಬಿ ತೆಗೆದಳು. ಅದರಿಂದ ಒಂದು ಬಿಳಿ ಗುಳಿಗೆ ತೆಗೆದು ಕಣ್ಣಿಗೊತ್ತಿಕೊಂಡು ನೀರು ಕುಡಿದಳು. ಆಮೇಲೆ ತಿಂಡಿ ತಿಂದು ಡಾಕ್ಟರು ಕೊಟ್ಟ ಗುಳಿಗೆಗಳನ್ನೂ ತಪ್ಪದೆ ನುಂಗಿದಳು.

“ಮೊದಲಿಂದು ಏನದು?”

“ಅದು ನಿಮ್ಮವ್ವ ಕೊಟ್ಟದ್ದು. ಆಕಿಗೆ ಛಲೋ ಆಗೇತಿ, ನೀನೂ ತಗೋ ಅಂದ್ಲು.”

ನಾನು ಡಬ್ಬಿ ತೆರೆದು ನೋಡಿದೆ. ಅರಿಶಿನದ ಪಕ್ಕದ ಡಬ್ಬಿಯ ಗುಳಿಗೆಗಳೇ. ಕಡಿಮೆ ಇದ್ದವರಿಗೆ ತುಂಬಿಕೊಡುವ ಗುಳಿಗೆಯನ್ನು ಮೊದಲೇ ತುಂಬಿ ಚೆಲ್ಲುತ್ತಿದ್ದವಳು ತಿಂಗಳುಗಟ್ಟಲೆ ನುಂಗಿದ್ದಳು.

“ಡಾಕ್ಟರ್ ಕೇಳಿದಾಗ ಯಾಕ ಹೇಳಲಿಲ್ಲ ಚಿಗವ್ವ?”

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಎನಿಸಿತು. “ಅವ್ರು ಗುಳಿಗಿ ಕೇಳಿದ್ರು. ಇದು ಉಡ್ಯಾಗ ಬಂದದ್ದು.”

ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಡುವಾಗ ಉಡಿ ತುಂಬಿ ಕಳಿಸುತ್ತಾರೆ. ಅವಳು ಸೆರಗು ಒಡ್ಡಿ ಕೂಡುತ್ತಾಳೆ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಕಣ ಹಾಕುತ್ತಾರೆ. ಅವ್ವ ಅವುಗಳ ಜೊತೆ ಈ ಡಬ್ಬಿಯನ್ನೂ ಹಾಕಿದ್ದಳು, ಮುಗಿದಂತೆ ಮತ್ತೆ ತುಂಬಿ ಕಳಿಸುತ್ತಿದ್ದಳು. ಉಡಿಯಲ್ಲಿ ಬಿದ್ದದ್ದನ್ನು ಬೇಡ ಎನ್ನುವಂತಿಲ್ಲ, ಚೆಲ್ಲುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ಚಿಗವ್ವ ಅದನ್ನು ಔಷಧಿಯ ಜೊತೆ ಎಣಿಸಿಯೇ ಇರಲಿಲ್ಲ. ನಾನು ಹೈಪರ್, ಹೈಪೊ ಎಲ್ಲ ಬಿಡಿಸಿ ಹೇಳಿದೆ. ಅವಳಿಗೆ ಅರ್ಥವಾಯಿತು, ಹೆದರಿಕೆಯೂ ಆಯಿತು. ಆದರೂ ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ, ಮತ್ತೆ ಜಗಲಿಯ ಮೇಲೆ ಇಟ್ಟಳು.

“ಅಕ್ಕಗ ಹೇಳದ ನಾ ಬಿಡಾಂಗಿಲ್ಲ. ಆಕಿ ತನ್ನ ಬಾಯಾಗಿಂದು ತೆಗದು ಕೊಟ್ಟಾಳ.”

ತನ್ನ ಬಾಯೊಳಗಿನದು ಎಂಬ ಮಾತಿಗೆ ನನಗೆ ಕುಷ್ಟಗಿ ನೆನಪಾಯಿತು. ಅವ್ವನ ಡಬ್ಬಿ ಲೆಕ್ಕದಂತೆ ಖಾಲಿಯಾಗುತ್ತಿದ್ದದ್ದು, ಅವಳ ಮುಖ ಊದಿದ್ದು, ಪ್ರಮಾಣ ಏರಿಸಬೇಕಾದದ್ದು ಎಲ್ಲ ಅಲ್ಲಿ ಬಂದು ಕೂಡಿಕೊಂಡವು.

ಕುಷ್ಟಗಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಪಕ್ಕ ಕೂತೆ.

“ಗುಳಿಗಿ ದಿನಾ ನುಂಗತಿ ಏನ್ ಬೇ?”

“ಒಂದಿನ ಬಿಟ್ಟು ಒಂದಿನ. ಅರ್ಧಾ ನಿಮ್ಮ ಚಿಗವ್ವಗ ಹೊಕ್ಕಾವು.” ತೀರ ಸಹಜವಾಗಿ ಹೇಳಿದಳು.

“ಅಂಗಡ್ಯಾಗ ಬೇಕಾದಷ್ಟು ಸಿಗತಾವಲ್ಲ.”

“ಅಂಗಡ್ಯಾಗಿಂದು ಕೊಟ್ರ ಅಂಗಡಿಯಾಂವ ಕೊಟ್ಟಂಗ ಆತು.”

ನಾನು ಮೇಡಮ್ ಕಲಿಸಿದ್ದನ್ನು ಆದಷ್ಟು ಸರಳವಾಗಿ ಹೇಳಿದೆ. ರೋಗದ ಹೆಸರು ಒಂದೇ ಇದ್ದರೂ ಅದರ ತಲೆ ಬೇರೆ. ನಿನಗೆ ಕಡಿಮೆ, ಅವಳಿಗೆ ಹೆಚ್ಚು. ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ ವಿಚಾರ ಮಾಡಿದಳು.

“ಹಂಗಾರ ಆಕಿದು ಹೆಚ್ಚ ಇದ್ದದ್ದು ನನಗ ಕೊಡಾಕ ಬರಾಂಗಿಲ್ಲೇನು?”

“ಬರಾಂಗಿಲ್ಲ.”

“ಹೆಚ್ಚ ಇದ್ದಾಕಿಗೆ ಮತ್ತ ನಾನೂ ಕೊಟ್ಟೆ.”

“ಹೂಂ.”

“ಆಕಿ ಕೈ ನಡಗಾಕ ಹತ್ತಿದ್ದು ನನ್ನಿಂದನ?”

ವಾರ್ಡಿನಲ್ಲಿ ನಮಗೆ ಕಲಿಸಿದ್ದರು, ಕೇಳಿದ್ದಕ್ಕೆ ನಿಜ ಹೇಳಿರಿ, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದು. “ಮೊದಲ ಇತ್ತು ಬೇ. ಗುಳಿಗಿಯಿಂದ ಜಾಸ್ತಿ ಆತು,” ಎಂದೆ. ಹೇಳಿದ ಮೇಲೆ ನನಗೆ ಬಹಳ ಸಂಕಟವಾಯಿತು. ಅವ್ವ ಅಳಲಿಲ್ಲ. ಉಳಿದ ಹಿಟ್ಟನ್ನೆಲ್ಲ ಬಡಿದು ಮುಗಿಸಿದಳು, ಮನೆಯಲ್ಲಿದ್ದವರು ತಿನ್ನಲಾರದಷ್ಟು ರೊಟ್ಟಿ. ಆಮೇಲೆ ಕೈ ತೊಳೆದು ಸೀರೆ ಬದಲಿಸಿ ಯಲಬುರ್ಗಾದ ಬಸ್ಸು ಎಷ್ಟು ಹೊತ್ತಿಗೆ ಐತಿ ಎಂದು ಕೇಳಿದಳು.

ಉಡಿಯಲ್ಲಿ ಹಾಕಿದ್ದನ್ನು ಮರಳಿ ಪಡೆಯುವ ಪದ್ಧತಿ ನಮ್ಮಲ್ಲಿ ಇಲ್ಲ. ಅವ್ವ ಬಸ್ಸಿನಲ್ಲಿ ಏನು ವಿಚಾರ ಮಾಡಿದಳೋ, ಚಿಗವ್ವನ ಮನೆ ಹೊಕ್ಕವಳು ನೀರು ಕೂಡ ಕುಡಿಯಲಿಲ್ಲ. ಜಗಲಿಯ ಮುಂದೆ ಮಣೆ ಹಾಕಿಕೊಂಡು ಕೂತು ತಂಗಿಯ ಮುಂದೆ ಸೆರಗು ಒಡ್ಡಿದಳು.

“ನಾ ಇವತ್ತ ಊರಿಗೆ ಹೊಂಟೀನಿ. ನನ್ನ ಉಡಿ ತುಂಬು. ಆ ಡಬ್ಬಿನೂ ಹಾಕು.”

ಕೊಡುವುದನ್ನಷ್ಟೇ ಕಲಿತ ನಮ್ಮವ್ವ ತಂಗಿಯ ಮುಂದೆ ಸೆರಗು ಒಡ್ಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಿಗವ್ವ ಒಳಗಿನಿಂದ ಅಕ್ಕಿ, ಕೊಬ್ಬರಿ ತಂದಳು. ಬೊಗಸೆಯಲ್ಲಿ ತೆಗೆದುಕೊಂಡ ಅಕ್ಕಿ ನಡುಗುವ ಕೈಯಿಂದ ಅರ್ಧ ಉಡಿಗೆ, ಅರ್ಧ ನೆಲಕ್ಕೆ ಬಿತ್ತು. ಅವ್ವ ಆ ಕೈಗಳನ್ನೇ ನೋಡುತ್ತಿದ್ದಳು. ಕೊನೆಗೆ ಡಬ್ಬಿ ಬಿತ್ತು. ಅವ್ವ ಸೆರಗಿನ ಗಂಟು ಹಾಕಿ, ನೆಲದ ಮೇಲಿನ ಅಕ್ಕಿಯನ್ನು ಒಂದೊಂದಾಗಿ ಆರಿಸಿದಳು. ನಾನು ಆರಿಸಲು ಹೋದರೆ ಬೇಡ ಎಂದಳು.

ಆ ಮೇಲಿನದೆಲ್ಲ ಪುಸ್ತಕದಲ್ಲಿ ಬರೆದಂತೆಯೇ ನಡೆಯಿತು. ಅವ್ವ ದಿನಾ ಗುಳಿಗೆ ನುಂಗತೊಡಗಿದ ಮೇಲೆ ಮುಖದ ಊತ ಇಳಿಯಿತು, ತೂಕಡಿಕೆ ಹೋಯಿತು, ನನ್ನನ್ನು ಬೈಯುವ ಶಕ್ತಿ ಮರಳಿತು. ಚಿಗವ್ವ ಮೈ ತುಂಬಿಕೊಂಡಳು. ಮೆಷಿನಿನ ಮೇಲಿನ ಹೊದಿಕೆ ತೆಗೆದಳು.

ಮುಂದಿನ ನಾಗರ ಪಂಚಮಿಗೆ ಅವಳು ಕುಷ್ಟಗಿಗೆ ಬಂದಾಗ ಅವ್ವನಿಗೊಂದು ಕುಪ್ಪಸ ಹೊಲಿದು ತಂದಿದ್ದಳು. ಅವ್ವ ಅದರ ಹುಕ್ಕುಗಳ ಮೇಲೆ ಬೆರಳಾಡಿಸಿ ನೋಡಿದಳು. ಎಲ್ಲ ನೆಟ್ಟಗಿದ್ದವು. ಹೊರಡುವ ದಿನ ಚಿಗವ್ವ ಸೆರಗು ಒಡ್ಡಿ ಕೂತಳು. ಅವ್ವ ಅಕ್ಕಿ ಹಾಕಿದಳು, ಕೊಬ್ಬರಿ, ಉತ್ತತ್ತಿ, ಕಣ ಹಾಕಿದಳು. ಆಮೇಲೆ ಅವಳ ಕೈ ರೂಢಿಯಂತೆ ಅರಿಶಿನದ ಡಬ್ಬಿಯ ಕಡೆ ಹೋಗಿ, ಅದರ ಪಕ್ಕದ ಡಬ್ಬಿಯ ಹತ್ತಿರ ನಿಂತು, ಹಿಂದೆ ಬಂತು.

“ಕೈ ಚಾಚು,” ಎಂದಳು ತಂಗಿಗೆ.

ಡಾಕ್ಟರು ಮಾಡಿದ್ದನ್ನು ನಾನು ಯಾವಾಗಲೋ ಅವಳಿಗೆ ಹೇಳಿದ್ದೆ. ಚಿಗವ್ವ ಎರಡೂ ಕೈ ಚಾಚಿದಳು. ಅವ್ವ ತಾಟಿನಲ್ಲಿದ್ದ ಒಂದು ವೀಳ್ಯದೆಲೆ ತೆಗೆದು ಆ ಬೆರಳುಗಳ ಮೇಲೆ ಇಟ್ಟಳು. ಎಲೆ ಅಲುಗಲಿಲ್ಲ. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎಲೆಯನ್ನೂ ಉಡಿಗೆ ಹಾಕಿ ನನ್ನ ಕಡೆ ತಿರುಗಿದಳು.

“ಇನ್ನ ನಂದ್ರಾಗಿಂದು ಅಂತ ಈಕಿಗೆ ಏನ್ ಕೊಡ್ಲಿ?”

ಮನೆಯಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ ನನ್ನನ್ನೇ ಕೇಳಿದ್ದಳು.